ಒಂದು ಊಟಿಗೆ ನಾಲ್ಕು ಚಾಮುಂಡಿ!

ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ 201 ನಂಬರ್ ಬಸ್ಸಿನಲ್ಲಿ ಹೋಗುವ ಮಹನೀಯರಿಗೆ ಈ ದೃಶ್ಯ ಹೊಸದೇನಲ್ಲ. ಬಸ್ಸು ಏರಿನಲ್ಲಿ ಗುಂಯ್‌ಗುಡುತ್ತ ಎರಡನೇ ಗೇರಿಗೆ ಬೀಳುತ್ತದೆ. ರಸ್ತೆಯ ಎಡ ಅಂಚಿನಲ್ಲಿ ಒಬ್ಬ ಆಸಾಮಿ ಸೈಕಲ್ ತುಳಿಯುತ್ತಿರುತ್ತಾನೆ. ತಲೆಗೆ ಹೆಲ್ಮೆಟ್ಟು, ಬೆನ್ನೆಲ್ಲ ಬೆವರು, ನೀರಿನಿಂದ ಎತ್ತಿ ಹಾಕಿದ ಮೀನಿನ ಹಾಗೆ ಬಾಯಿ. ಕಿಟಕಿ ಪಕ್ಕದ ಅಜ್ಜಿ, ‘ಪಾಪ, ಗಂಡಸರಿಗೆ ಬಸ್ಸು ಫ್ರೀ ಇಲ್ಲವಲ್ಲ, ಅದಕ್ಕೇ ಈ ಕಷ್ಟ’ ಅಂತ ಲೊಚಗುಟ್ಟುತ್ತಾರೆ.

ಅಜ್ಜಿ, ಟಿಕೆಟ್ಟಿಗೆ ದುಡ್ಡಿತ್ತು. ಆ ಆಸಾಮಿ ಬೇರೆ ಯಾರೂ ಅಲ್ಲ, ನಿಮ್ಮ ಈ ಅಂಕಣಕಾರನೇ!

ಐವತ್ತು ದಾಟಿದ ಮೇಲೆ ಈ ಹುಚ್ಚು ಯಾಕೆ ಹಿಡಿಯಿತು, ಹಿಡಿದ ಮೇಲೆ ಹೇಗೆ ಮುಖಭಂಗವಾಯಿತು, ಆ ಮುಖಭಂಗದಿಂದ ಕಲಿತ ಲೆಕ್ಕ ಏನು ಅನ್ನೋದನ್ನ ಇವತ್ತು ಬರೆಯುತ್ತೇನೆ. ಈಗೀಗ ನಮ್ಮೂರಲ್ಲಿ ಗೇರ್ ಸೈಕಲ್ ಕೊಂಡವರ ಸಂಖ್ಯೆ ಕಮ್ಮಿಯಿಲ್ಲ. ‘ಊಟಿಗೆ ಸೈಕಲ್ಲಲ್ಲೇ ಹೋಗ್ತೀವಿ’ ಅಂತ ಹೋಟೆಲಿನಲ್ಲಿ ಪಂಥ ಕಟ್ಟುವವರೂ ಇದ್ದಾರೆ. ಅವರು ಹೊರಡುವ ಮುಂಚೆ ಇದನ್ನು ಓದಿದರೆ ಸಾಕು, ಅಂಕಣ ಸಾರ್ಥಕ.

ಮುಖಭಂಗದ ಕಥೆ

ಭಾನುವಾರಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಬರೋದು ನನ್ನ ಅಭ್ಯಾಸವಾಗಿತ್ತು. ಹೋಗಿ ಬರೋದು ಸೇರಿ ಸುಮಾರು ಮೂವತ್ತು ಕಿಲೋಮೀಟರ್. ಸಮತಟ್ಟು ರಸ್ತೆ. ಮನೆಗೆ ಬಂದು ದೋಸೆ ತಿಂದು ‘ನಾನೂ ಸವಾರ’ ಅಂತ ಮೀಸೆ ತಿರುವಿಕೊಳ್ಳುತ್ತಿದ್ದೆ. ಹಾಗೇ ಒಂದು ದಿನ ಸ್ನೇಹಿತರ ಮುಂದೆ ಊಟಿ ಅಂದುಬಿಟ್ಟೆ.

ಏರ್ಪಾಡು ಹೀಗಿತ್ತು: ಮೈಸೂರಿನಿಂದ ಗುಂಡ್ಲುಪೇಟೆವರೆಗೆ ಸುಮಾರು 60 ಕಿಲೋಮೀಟರ್ ಸೈಕಲ್ ಮೇಲೆ. ಅಲ್ಲಿಂದ ಮುಂದೆ ಬಂಡೀಪುರ, ಮುದುಮಲೆ ಕಾಡು. ಹುಲಿ, ಆನೆಗಳ ಮನೆಯೊಳಗೆ ಸೈಕಲ್ ಬೆಲ್ ಬಾರಿಸುತ್ತ ಹೋಗುವ ಶೌರ್ಯ ಬೇಡ ಅಂತ ಸ್ನೇಹಿತನ ಪಿಕಪ್ ಗಾಡಿಗೆ ಸೈಕಲ್ ಹಾಕಿಕೊಂಡು ಕಾಡು ದಾಟಿದೆವು. ಮಸಿನಗುಡಿ ಕಳೆದು ಕಲ್ಹಟ್ಟಿ ಘಾಟಿಯ ಬುಡದಲ್ಲಿ ನನ್ನನ್ನು ಇಳಿಸಿದರು. ಇಲ್ಲಿಂದ ಊಟಿಗೆ 36 ಹಿಮ್ಮುರಿ ತಿರುವು.

ಮೊದಲ ನಾಲ್ಕು ತಿರುವು ಉತ್ಸಾಹದಲ್ಲಿ ಹೋಯಿತು. ಎಂಟರ ಹೊತ್ತಿಗೆ ತೊಡೆ ಕಲ್ಲಾಯಿತು. ಹತ್ತನೇ ತಿರುವು ಎಣಿಸುವಷ್ಟರಲ್ಲಿ ಕೈ ನಡುಗತೊಡಗಿತು, ತಣ್ಣನೆ ಬೆವರು, ಕಣ್ಣ ಮುಂದೆ ಮಿಣುಕು. ರಸ್ತೆ ಪಕ್ಕದ ಮೋರಿ ಕಟ್ಟೆ ಮೇಲೆ ಕೂತವನಿಗೆ ಎದ್ದೇಳೋಕೆ ಆಗಲಿಲ್ಲ. ಬೆಳಗ್ಗೆ ಆರು ಗಂಟೆಗೆ ಕುಡಿದ ಕಾಫಿ, ಎರಡು ಇಡ್ಲಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ‘ತೂಕ ಇಳಿಯಲಿ’ ಅಂತ ಬೇಕೆಂದೇ ತಿಂದಿರಲಿಲ್ಲ, ಬುದ್ಧಿವಂತ! ಕೊನೆಗೆ ಕ್ಯಾರೆಟ್ ತುಂಬೋಕೆ ಖಾಲಿ ಹೋಗುತ್ತಿದ್ದ ಗಾಡಿಯವರು ನನ್ನನ್ನೂ ಸೈಕಲ್ಲನ್ನೂ ಎತ್ತಿ ಹಾಕಿಕೊಂಡರು. ಊಟಿಗೆ ತರಕಾರಿ ಮೂಟೆಯ ಹಾಗೆ ತಲುಪಿದೆ. ಸುಮ್ಮನೆ ಕೊಟ್ಟ ಬೆಲ್ಲದ ಚೂರಿಗೆ ಆ ಡ್ರೈವರು ಕಾಸೂ ತಗೊಳ್ಳಲಿಲ್ಲ.

ಅವತ್ತು ನನ್ನನ್ನು ಸೋಲಿಸಿದ್ದು ಬೆಟ್ಟ ಅಲ್ಲ, ಲೆಕ್ಕ.

ಕಿರಾಣಿ ಅಂಗಡಿಯ ಲೆಕ್ಕ

ನಮ್ಮ ಬೀದಿಯ ಕಿರಾಣಿ ಅಂಗಡಿ ಯಜಮಾನರ ಹತ್ತಿರ ಈ ಕಥೆ ಹೇಳಿಕೊಂಡೆ. ಅವರು ಗಲ್ಲಾ ಪೆಟ್ಟಿಗೆ ಮೇಲೆ ಮೊಣಕೈ ಊರಿ ಕೇಳಿದರು: ‘ಸ್ವಾಮಿ, ಆ ಘಾಟಿ ಎಷ್ಟು ಎತ್ತರ? ನಮ್ಮ ಬೆಟ್ಟ ಎಷ್ಟು ಎತ್ತರ? ಅಷ್ಟು ನೋಡ್ಕೊಂಡು ಹೋಗಬಾರದಾಗಿತ್ತೆ?’

ಪೆಟ್ಟು ಬಿದ್ದ ಹಾಗಾಯಿತು. ಲೆಕ್ಕ ಹಾಕಿದೆ. ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್. ನಮ್ಮೂರು ಸುಮಾರು 770 ಮೀಟರ್. ಅಂದರೆ ಒಂದು ಸಲ ಬೆಟ್ಟ ಹತ್ತಿದರೆ ಹೆಚ್ಚೂಕಮ್ಮಿ 300 ಮೀಟರ್ ಏರಿದಂತೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಕಲ್ಹಟ್ಟಿ ಬುಡದಿಂದ ಅಲ್ಲಿಗೆ ಸುಮಾರು 1,200 ಮೀಟರ್ ಏರಬೇಕು. ಮುನ್ನೂರು ನಾಲ್ಕಲಿ ಸಾವಿರದಿನ್ನೂರು!

ಒಂದು ಊಟಿ ಅಂದರೆ ಒಂದರ ಮೇಲೊಂದು ಇಟ್ಟ ನಾಲ್ಕು ಚಾಮುಂಡಿ. ಒಂದು ಚಾಮುಂಡಿಯನ್ನೂ ಇಳಿಯದೆ ಹತ್ತಿದ ಅನುಭವವಿಲ್ಲದ ನಾನು ನಾಲ್ಕಕ್ಕೆ ಕೈ ಹಾಕಿದ್ದೆ. ಅದೂ ನಮ್ಮ ಬೆಟ್ಟಕ್ಕಿಂತ ಕಡಿದಾದ ಏರು. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಹತ್ತು ಮೀಟರ್ ಮೇಲಕ್ಕೆ ಎತ್ತುವ ಜಾಗಗಳು ಅಲ್ಲಿವೆ.

ಹಾಗಾದರೆ ತಯಾರಿ ಏನು? ನಾಲ್ಕು ಚಾಮುಂಡಿಯನ್ನು ಮನೆ ಬಾಗಿಲಲ್ಲೇ ಹತ್ತಿ ಮುಗಿಸೋದು. ಅದಕ್ಕೆ ಹನ್ನೆರಡು ವಾರ ಕೊಡೋದು. ಇಷ್ಟೇ ಗುಟ್ಟು. ಬಾಕಿ ಎಲ್ಲ ವಿವರ.

ರೂಪಾಯಿಗೆ ಹತ್ತು ಪೈಸೆ

ಮೊದಲ ವಾರ ಮೂರು ದಿನ ಸೈಕಲ್ ಹೊಡೆಯಿರಿ. ವಾರದ ಮಧ್ಯೆ ಎರಡು ದಿನ ಹದಿನೈದು ಹದಿನೈದು ಕಿಲೋಮೀಟರ್. ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದು ಮೂವತ್ತು. ಒಟ್ಟು ಅರವತ್ತು. ಮುಂದಿನ ವಾರಕ್ಕೆ ರೂಪಾಯಿಗೆ ಹತ್ತು ಪೈಸೆಗಿಂತ ಹೆಚ್ಚು ಸೇರಿಸಬೇಡಿ. ಅರವತ್ತು ಇದ್ದದ್ದು ಅರವತ್ತಾರು ಆಗಲಿ, ಆಮೇಲೆ ಎಪ್ಪತ್ತೆರಡು. ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸಿ. ಹೀಗೆ ಚಕ್ರಬಡ್ಡಿ ಬೆಳೆದು ಹನ್ನೊಂದನೇ ವಾರದ ಹೊತ್ತಿಗೆ ನೂರರ ಗಡಿ ತಾನಾಗಿ ದಾಟುತ್ತದೆ. ಭಾನುವಾರದ ಸವಾರಿಯೂ ನಂಜನಗೂಡು, ತಿ. ನರಸೀಪುರ ಅಂತ ಉದ್ದವಾಗುತ್ತದೆ. ಹನ್ನೆರಡನೇ ವಾರ ಮತ್ತೆ ಅರ್ಧ ಮಾಡಿ, ಮೈ ಹಗುರ ಮಾಡಿಕೊಳ್ಳಿ.

ಯಾಕೆ ಇಷ್ಟು ನಿಧಾನ ಅಂದರೆ, ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮಂಡಿಯ ಸುತ್ತಲಿನ ನರದಂಥ ಕಟ್ಟುಗಳು ಅಷ್ಟು ಬೇಗ ಪಳಗೋಲ್ಲ. ಉಸಿರು ‘ಹೋಗೋಣ’ ಅನ್ನುತ್ತದೆ, ಮಂಡಿ ‘ಆಗಲ್ಲ’ ಅನ್ನುತ್ತದೆ. ಉಸಿರಿನ ಮಾತು ಕೇಳಿದವರು ಆಮೇಲೆ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾರೆ.

ಬೆಟ್ಟದ ಲೆಕ್ಕ ಬೇರೆ ಇಡಿ. ಮೊದಲ ನಾಲ್ಕು ವಾರ ವಾರಕ್ಕೊಂದು ಸಲ ಚಾಮುಂಡಿ, ಅಷ್ಟೇ. ಇಳಿದು ತಳ್ಳಿಕೊಂಡು ಹೋದರೂ ನಾಚಿಕೆಯಿಲ್ಲ. ಮೊದಲ ದಿನ ನಾನು ಮೂರು ಕಡೆ ಇಳಿದೆ. ಮೆಟ್ಟಿಲು ಹತ್ತಿ ಬಂದ ಹೆಂಗಸರು ನನಗಿಂತ ಮುಂಚೆ ದೇವಸ್ಥಾನ ಸೇರಿದ್ದರು. ಐದನೇ ವಾರದಿಂದ ಒಂದೇ ಬೆಳಗ್ಗೆ ಎರಡು ಸಲ. ಎಂಟರಿಂದ ಮೂರು ಸಲ. ಹನ್ನೊಂದನೇ ವಾರ ಒಂದೇ ಒಂದು ದಿನ ನಾಲ್ಕು ಸಲ. ಅವತ್ತು ಬೆಟ್ಟದ ಮೇಲಿನ ಎಳನೀರಿನವನು ನಾಲ್ಕನೇ ಸಲ ನನ್ನ ಮುಖ ನೋಡಿ, ‘ಏನ್ ಸಾರ್, ಹರಕೆನಾ?’ ಅಂದ. ಹೌದಪ್ಪ ಅಂದೆ.

ವೇಗ ಎಷ್ಟು ಅಂತ ಕೇಳುವವರಿಗೆ ಒಂದೇ ಅಳತೆ: ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು. ಮಾತು ಮುರಿದು ಬರೀ ಹ್ಞೂಂ, ಉಹುಂ ಆದರೆ ನಿಧಾನ ಮಾಡಿ. ವಾರದಲ್ಲಿ ಒಂದು ದಿನ ಬೆಟ್ಟದಲ್ಲಿ ಮಾತು ಮುರಿದರೆ ಸರಿ, ದಿನಾ ಬೇಡ.

ಇನ್ನೊಂದು ಮಾತು. ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾ ಮೇಲೆ ಕೂತೇ ಇರುವ ವರ್ತಕ ಬಂಧುಗಳು, ನಲವತ್ತು ದಾಟಿದವರು, ಮೊದಲು ಡಾಕ್ಟರ ಹತ್ತಿರ ಹೋಗಿ ಬಿ.ಪಿ., ಸಕ್ಕರೆ, ಹೃದಯ ತೋರಿಸಿಕೊಳ್ಳಿ. ಏರಿನಲ್ಲಿ ಎದೆ ಹಿಡಿದ ಹಾಗಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ‘ಗ್ಯಾಸ್ಟ್ರಿಕ್ಕು’ ಅಂತ ಸೋಡಾ ಕುಡಿದು ಮುಂದೆ ಹೋಗಬೇಡಿ. ಅಲ್ಲೇ ಇಳಿದು ಆಸ್ಪತ್ರೆ ದಾರಿ ಹಿಡಿಯಿರಿ.

ಗೇರು ಶೋಕಿ ಅಲ್ಲ

‘ನಮ್ಮಪ್ಪ ಒಂದೇ ಗೇರಿನ ಅಟ್ಲಾಸ್ ಸೈಕಲ್ಲಲ್ಲಿ ಇಡೀ ಜಿಲ್ಲೆ ಸುತ್ತಿದ್ರು, ಇದೆಲ್ಲ ಶೋಕಿ’ ಅನ್ನುವವರು ಇದ್ದಾರೆ. ಅಪ್ಪಂದಿರಿಗೆ ನಮಸ್ಕಾರ. ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ ಬಾಗಿಲು ಹಾಕಿದಾಗ ನಾನೂ ನಿಟ್ಟುಸಿರು ಬಿಟ್ಟವನೇ. ಆದರೆ ಆ ಸೈಕಲ್ಲಿನಲ್ಲಿ ಒಂದು ಸುತ್ತು ಪೆಡಲ್ ತುಳಿದರೆ ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಸಮತಟ್ಟಿನಲ್ಲಿ ಸುಖ, ಏರಿನಲ್ಲಿ ಶಿಕ್ಷೆ. ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಒಂದೇ ಅಳತೆಯಿರುವ ಬೆಟ್ಟದ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋದರೆ ಸಾಕು.

ನೂರು ಕಿಲೋ ಅಕ್ಕಿ ಮೂಟೆಯನ್ನು ಒಂದೇ ಸಲ ಅಟ್ಟಕ್ಕೆ ಎತ್ತೋದಕ್ಕೂ, ಐದೈದು ಕಿಲೋ ಚೀಲ ಮಾಡಿ ಇಪ್ಪತ್ತು ಸಲ ಎತ್ತೋದಕ್ಕೂ ಇರುವ ವ್ಯತ್ಯಾಸ ಅಂಗಡಿಯವರಿಗೆ ನಾನು ಹೇಳಬೇಕೆ? ಎತ್ತಿದ ಅಕ್ಕಿ ಅಷ್ಟೇ, ಸೊಂಟ ಉಳಿಯಿತು. ಗೇರು ಮಾಡುವ ಕೆಲಸ ಅಷ್ಟೇ.

ಸೀಟಿನ ಎತ್ತರವನ್ನೂ ನೋಡಿಕೊಳ್ಳಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ಬಿಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಸೀಟು ತಗ್ಗಿಸಿಕೊಂಡು ಕಪ್ಪೆಯ ಹಾಗೆ ಕೂತು ಬೆಟ್ಟ ಹತ್ತಿದರೆ ಮಂಡಿನೋವು ಗ್ಯಾರಂಟಿ.

ಹೊಟ್ಟೆಯೆಂಬ ಗೋದಾಮು

ಕಲ್ಹಟ್ಟಿಯಲ್ಲಿ ನಾನು ಕುಸಿದದ್ದಕ್ಕೆ ಎರಡನೇ ಕಾರಣ ದಾಸ್ತಾನು ಮುಗಿದದ್ದು. ಆಳು, ಸೈಕಲ್ಲು, ನೀರು ಸೇರಿ 85 ಕಿಲೋ ಅಂತ ಇಟ್ಟುಕೊಳ್ಳಿ. ಅದನ್ನು ಒಂದು ಚಾಮುಂಡಿ ಎತ್ತರಕ್ಕೆ ಏರಿಸೋಕೆ ದೇಹ ಸುಮಾರು 250 ಕ್ಯಾಲರಿ ಖರ್ಚು ಮಾಡುತ್ತದೆ. ಊಟಿಗೆ ಅದರ ನಾಲ್ಕರಷ್ಟು, ಸಾವಿರ. ಅದಕ್ಕೆ ಮುಂಚೆ ಗುಂಡ್ಲುಪೇಟೆವರೆಗಿನ ಅರವತ್ತು ಕಿಲೋಮೀಟರಿಗೆ ಇನ್ನೊಂದು ಸಾವಿರದ ಮೇಲೆ. ಮೈಯಲ್ಲಿ ಕೂಡಲೇ ಸಿಗುವ ಸಕ್ಕರೆ ದಾಸ್ತಾನು ಹೆಚ್ಚೆಂದರೆ ಎರಡು ಸಾವಿರ ಕ್ಯಾಲರಿಯಷ್ಟು. ಕೊಬ್ಬು ಬೇಕಾದಷ್ಟಿದೆಯಲ್ಲ ಅನ್ನಬೇಡಿ. ಅದು ಫಿಕ್ಸೆಡ್ ಡಿಪಾಜಿಟ್ಟು, ಅವಸರಕ್ಕೆ ಒಡೆಯೋಕೆ ಬರಲ್ಲ.

ಅದಕ್ಕೇ ಹಸಿವಾಗುವ ಮುಂಚೆ ತಿನ್ನಬೇಕು, ಬಾಯಾರುವ ಮುಂಚೆ ಕುಡಿಯಬೇಕು. ಗಂಟೆಗೆ ಎರಡು ಪಚ್ಚಬಾಳೆ, ಏಲಕ್ಕಿಬಾಳೆ ಆದರೆ ನಾಲ್ಕು. ನಂಜನಗೂಡು ರಸಬಾಳೆ ಸಿಕ್ಕರೆ ನಿಮ್ಮ ಪುಣ್ಯ. ಬೆಲ್ಲ, ಕಡಲೆಮಿಠಾಯಿ, ಖರ್ಜೂರ ಜೇಬಲ್ಲಿರಲಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಅದಕ್ಕೆ ಚಿಟಿಕೆ ಉಪ್ಪು, ನಿಂಬೆ, ಸಕ್ಕರೆ. ಬಣ್ಣಬಣ್ಣದ ಡಬ್ಬಿಗಳಲ್ಲಿ ಮಾರುವ ಪುಡಿಗಳಲ್ಲೂ ಮುಖ್ಯವಾಗಿ ಇರೋದು ಇದೇ ಸಕ್ಕರೆ, ಇದೇ ಉಪ್ಪು. ದಾರಿಯಲ್ಲಿ ಏನು ತಿನ್ನುತ್ತೀರೋ ಅದನ್ನು ಭಾನುವಾರಗಳಲ್ಲೇ ತಿಂದು ಹೊಟ್ಟೆಗೆ ಅಭ್ಯಾಸ ಮಾಡಿಸಿ. ಹೊಸ ರುಚಿಯನ್ನು ಘಾಟಿಯಲ್ಲಿ ಪರೀಕ್ಷಿಸಬೇಡಿ!

ಹತ್ತಿದವರೆಲ್ಲ ಇಳಿಯಲೇಬೇಕು

ಏರಿನಲ್ಲಿ ಸೋತರೆ ಕ್ಯಾರೆಟ್ ಗಾಡಿ ಸಿಗುತ್ತದೆ. ಇಳಿಜಾರಿನಲ್ಲಿ ಸೋತರೆ ಆಂಬುಲೆನ್ಸ್ ಬರುತ್ತದೆ. ಏರುವಾಗ ಕೂಡಿಟ್ಟ ಶಕ್ತಿಯೆಲ್ಲ ಇಳಿಯುವಾಗ ಎಲ್ಲಿಗೆ ಹೋಗಬೇಕು? ಸ್ವಲ್ಪ ಗಾಳಿ ತಿನ್ನುತ್ತದೆ, ಉಳಿದದ್ದು ಬ್ರೇಕಿನಲ್ಲಿ ಶಾಖ. ಒಂದು ಚಾಮುಂಡಿ ಇಳಿದಾಗ ಬಿಡುಗಡೆಯಾಗುವ ಶಕ್ತಿ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಸುವಷ್ಟಿದೆ. ಊಟಿ ಲೆಕ್ಕದಲ್ಲಿ ಮೂರು ಲೀಟರ್! ಅಷ್ಟು ಕಾವನ್ನು ಬೆರಳುದ್ದದ ಬ್ರೇಕ್ ರಬ್ಬರು, ರಿಮ್ಮು ತಡೆಯಬೇಕು. ಊಟಿಯಿಂದ ಕಲ್ಹಟ್ಟಿ ದಾರಿಯಲ್ಲಿ ಹೊರಗಿನ ಗಾಡಿಗಳು ಇಳಿಯದಂತೆ ನಿರ್ಬಂಧ ಹಾಕಿದ್ದು ಸುಮ್ಮನೆ ಅಲ್ಲ. ಬ್ರೇಕ್ ಸೋತು ಅಲ್ಲಿ ಪ್ರಾಣಗಳು ಹೋಗಿವೆ.

ಆದ್ದರಿಂದ ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿಯಬೇಡಿ. ತಿರುವಿಗೆ ಮುಂಚೆ ನೆಟ್ಟಗಿರುವಾಗಲೇ ವೇಗ ಇಳಿಸಿ, ಬಿಡಿ, ತಿರುಗಿ. ತಿರುವಿನ ಮಧ್ಯೆ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ರಿಮ್ಮು ಬಿಸಿಯಾದರೆ ನಿಂತು ಆರಿಸಿಕೊಳ್ಳಿ. ಪ್ರತಿ ಭಾನುವಾರ ಹತ್ತುವ ಅಭ್ಯಾಸದಷ್ಟೇ ಶ್ರದ್ಧೆಯಿಂದ ಇಳಿಯುವ ಅಭ್ಯಾಸ ಮಾಡಿ. ನಮ್ಮ ಬೆಟ್ಟದಲ್ಲಿ ಮಂಗಗಳು, ನಡೆದು ಬರುವ ಭಕ್ತರು, ಮಳೆಗಾಲದಲ್ಲಿ ಮಣ್ಣು. 2021ರ ಮಳೆಗೆ ನಂದಿ ಕಡೆಯ ರಸ್ತೆ ಅಂಚೇ ಕುಸಿದು ಹೋದದ್ದು ನೆನಪಿರಲಿ. ಆಷಾಢ ಶುಕ್ರವಾರಗಳಲ್ಲಂತೂ ಬೆಟ್ಟ ಭಕ್ತರದ್ದು, ಅಭ್ಯಾಸಕ್ಕೆ ರಜಾ ಕೊಡಿ.

ಬಸ್ಸಿನ ಮಾತು ಬಂತು. ಒಂದು ಬೆಳಗ್ಗೆ ಬೆಟ್ಟದ ಮೇಲೆ ಟೀ ಕುಡಿಯುತ್ತಿದ್ದ ಬಸ್ ಡ್ರೈವರೊಬ್ಬರು ನನಗೆ ಪಾಠ ಹೇಳಿದರು. ‘ಸಾರ್, ತಿರುವಲ್ಲಿ ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ದಾರೀಲಿ ಬರಲ್ಲ, ಒಳಗಡೆ ಕತ್ತರಿಸ್ಕೊಂಡು ಬರುತ್ತೆ. ಆ ಸಂದೀಲಿ ನೀವು ನುಗ್ಗಿದ್ರೆ ಕನ್ನಡೀಲೂ ಕಾಣಲ್ಲ. ಒಂದು ನಿಮಿಷ ಕಾದು ನಮ್ಮನ್ನ ಬಿಟ್ಟುಬಿಡಿ, ನಿಮಗೂ ಒಳ್ಳೇದು, ನಮ್ಮ ನೌಕರಿಗೂ ಒಳ್ಳೇದು.’

ಸೈಕಲಿನವರ ಪರವಾಗಿ ನಾನೂ ಒಂದು ಮಾತು ಹೇಳಿದೆ. ‘ಏರಿನಲ್ಲಿ ಸೈಕಲ್ಲು ಸ್ವಲ್ಪ ಆಚೀಚೆ ಓಲಾಡೇ ಓಲಾಡುತ್ತೆ ಅಣ್ಣ, ಹಿಂದೆ ಬಂದು ಒಂದೇ ಸಲ ಏರ್ ಹಾರ್ನ್ ಬಾರಿಸಿದ್ರೆ ಬೆಚ್ಚಿ ರಸ್ತೆ ಮಧ್ಯಕ್ಕೇ ಬೀಳ್ತೀವಿ. ದೂರದಿಂದಲೇ ಸಣ್ಣಗೆ ಒಂದು ಸಲ ಹೊಡೀರಿ, ಒಂದು ಗಜ ಜಾಗ ಬಿಡಿ.’ ಇಬ್ಬರೂ ಒಪ್ಪಿಕೊಂಡೆವು. ಈ ಒಪ್ಪಂದ ಎರಡೂ ಕಡೆಯ ಎಲ್ಲರಿಗೂ ತಲುಪಲಿ ಅಂತ ಇಲ್ಲಿ ಅಚ್ಚು ಹಾಕಿಸಿದ್ದೇನೆ.

ಹಾಲಿನವರ ವೇಗ ಸಾಕು

ಬೆಟ್ಟ ಬೇಡ, ದೂರ ಹೋಗುವ ಆಸೆ ಅನ್ನುವವರಿಗೂ ಲೆಕ್ಕ ಇದೇ. ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಊರಿಗೆ ಹೋಗಿ ಮತ್ತೆ ಪ್ಯಾರಿಸ್ಸಿಗೆ ಬರುವ 1,200 ಕಿಲೋಮೀಟರ್ ಸವಾರಿ 1891ರಲ್ಲೇ ಶುರುವಾಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಹಿಂದಿನದು 2023ರಲ್ಲಿ ನಡೆಯಿತು, 90 ಗಂಟೆ ಗಡುವು. ಅದಕ್ಕೆ ಹೋಗಬೇಕಾದವರು ಮೊದಲು 200, 300, 400, 600 ಕಿಲೋಮೀಟರ್ ಸವಾರಿಗಳನ್ನು ಮುಗಿಸಬೇಕು. ಬ್ರೆವೆ ಅಂತ ಕರೆಯುವ ಈ ಸವಾರಿಗಳು ಬೆಂಗಳೂರಿನಲ್ಲೂ ನಡೆಯುತ್ತವೆ.

ಇನ್ನೂರು ಕಿಲೋಮೀಟರಿಗೆ ಗಡುವು ಹದಿಮೂರೂವರೆ ಗಂಟೆ. ಭಾಗಿಸಿ ನೋಡಿ: ಊಟ, ತಿಂಡಿ, ಪಂಕ್ಚರು ಎಲ್ಲ ಸೇರಿ ಗಂಟೆಗೆ ಹದಿನೈದು ಕಿಲೋಮೀಟರಿಗೂ ಕಮ್ಮಿ. ಕ್ಯಾನು ನೇತುಹಾಕಿಕೊಂಡು ಬರುವ ಹಾಲಿನವರ ವೇಗ! ಅಲ್ಲಿ ಮೊದಲು ಬಂದವನಿಗೆ ಬಹುಮಾನವಿಲ್ಲ, ಗಡುವಿನೊಳಗೆ ಮುಗಿಸಿದವರೆಲ್ಲ ಒಂದೇ. ಬೇಕಾದ್ದು ರಭಸ ಅಲ್ಲ, ನಿಲ್ಲದೆ ಹೋಗುವ ಸಮಾಧಾನ. ಟೀ ಅಂಗಡಿಯಲ್ಲಿ ಅರ್ಧ ಗಂಟೆ ಹರಟಿದರೆ ಅದನ್ನು ತುಳಿದು ವಸೂಲು ಮಾಡೋದು ಕಷ್ಟ.

ಎರಡನೇ ಸಲ

ಹನ್ನೆರಡು ವಾರದ ನಂತರ ಮತ್ತೆ ಅದೇ ದಾರಿ, ಅದೇ ಪಿಕಪ್ ಗಾಡಿ, ಅದೇ ಬುಡ. ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಆರು ಬಾಳೆಹಣ್ಣು ಮುಗಿದಿತ್ತು. ಘಾಟಿಯಲ್ಲಿ ತಲೆಯೊಳಗೆ ತಿರುವು ಎಣಿಸಲಿಲ್ಲ, ಚಾಮುಂಡಿ ಎಣಿಸಿದೆ. ‘ಇದು ಒಂದನೇದು, ಟೀ ಅಂಗಡಿ ಬಂತು. ಇದು ಎರಡನೇದು.’ ಹಳೇ ಮೋರಿ ಕಟ್ಟೆ ಬಂತು. ಇಳಿಯಲಿಲ್ಲ ಅಂತ ಸುಳ್ಳು ಹೇಳಲಾರೆ. ಇಳಿದು, ಅದರ ಮೇಲೇ ಕೂತು, ಒಂದು ಬಾಳೆಹಣ್ಣು ತಿಂದು, ಎದ್ದೆ. ಎದ್ದೇಳೋಕೆ ಆಯಿತು. ಅದೇ ನನ್ನ ಮೆಡಲು. ಮೇಲೆ ಎರಡು ತಿರುವು ತಳ್ಳಿಕೊಂಡೇ ಹೋದೆ. ನಾಲ್ಕನೇ ಚಾಮುಂಡಿ ಮುಗಿದಾಗ ನೀಲಗಿರಿ ಮರಗಳ ವಾಸನೆ ಬಂತು, ಚಳಿ ಬಂತು, ಊಟಿ ಬಂತು.

ವಾಪಸು ಬಂದು ಕಿರಾಣಿ ಯಜಮಾನರಿಗೆ ವರದಿ ಒಪ್ಪಿಸಿದೆ. ಅವರು ತಕ್ಕಡಿಯಿಂದ ಕಣ್ಣೆತ್ತದೆ, ‘ಲೆಕ್ಕ ಸರಿಯಾಯ್ತಲ್ಲ ಸ್ವಾಮಿ, ಬಿಡಿ’ ಅಂದರು. ಹೋಗುವಾಗ ಮಾತ್ರ ಮೆಲ್ಲಗೆ ಕೇಳಿದರು: ‘ಆ ಗೇರ್ ಸೈಕಲ್ಲು ನನ್ನಂಥ ಭಾರದವರನ್ನ ತಡೆಯುತ್ತಾ?’

ತಡೆಯುತ್ತೆ ಯಜಮಾನರೇ. ಮೊದಲು ಡಾಕ್ಟರು, ಆಮೇಲೆ ಶ್ರೀರಂಗಪಟ್ಟಣ, ಆಮೇಲೆ ಒಂದು ಚಾಮುಂಡಿ. ಊಟಿ ಎಲ್ಲಿಗೂ ಓಡಿಹೋಗಲ್ಲ.